ಸುತ್ತಿಟ್ಟ ಪಟದ ಕೆಳಗಿನರ್ಧ

ಹಗಲೆಲ್ಲ ದುಡಿದು ಸಂಜೆ ಅಕ್ಷರದ ಮುಂದೆ ಕೂರುವವರಿಗೆ ವಿಜ್ಞಾನವನ್ನು ತುತ್ತು ಮಾಡಿ ಉಣಿಸಿದವರು ವಿರಳ. ಆ ವಿರಳರ ಮೊದಲ ಸಾಲಿನಲ್ಲಿ ನಿಲ್ಲುವವರು ರಾತ್ರಿ ಶಾಲೆಯ ವಿಜ್ಞಾನದ ಮೇಷ್ಟ್ರು. ಗಾರೆಯವರು, ಹೊಲಿಗೆಯವರು, ಆಸ್ಪತ್ರೆಯ ನೆಲ ಒರೆಸುವ ಹೆಂಗಸರು ಒಂದೇ ಕೋಣೆಯಲ್ಲಿ ಕೂತು ಅವರಿಂದ ಕಲಿತರು. ತೂಕಡಿಸಿದವರನ್ನು ಅವರು ಎಬ್ಬಿಸುತ್ತಿರಲಿಲ್ಲ. ತಾವಾಗಿ ಎಚ್ಚರಗೊಂಡ ಮೇಲೆ ಪಾಠವನ್ನು ಮೊದಲಿಂದ ಹೇಳುತ್ತಿದ್ದರು. ಕಣ್ಣು ಮಂಜಾದ ಹೊಲಿಗೆಯಾಕೆಗೆ ತಮ್ಮ ಕನ್ನಡಕವನ್ನೇ ಕೊಟ್ಟು, ಉಳಿದ ಪಾಠವನ್ನು ಪುಸ್ತಕ ನೋಡದೆ ಮುಗಿಸಿದ್ದುಂಟು. ಗೊತ್ತಿಲ್ಲವೆಂದು ಬರೆದವರಿಗೆ ಅರ್ಧ ಅಂಕ, ಗೊತ್ತಿಲ್ಲದೆ ಕತೆ ಕಟ್ಟಿದವರಿಗೆ ಸೊನ್ನೆ: ಇದು ಅವರ ಕಟ್ಟಳೆ.

ಒಂದೇ ಒಂದು ಕಡೆ ಆ ಕಟ್ಟಳೆ ಸಡಿಲವಾಗಿತ್ತು. ಗೋಡೆಯ ಮೇಲಿನ ದೇಹದ ಪಟವನ್ನು ಸೊಂಟದವರೆಗೆ ಮಾತ್ರ ಇಳಿಸಿ, ಮಿಕ್ಕಿದ್ದನ್ನು ಸುರುಳಿ ಸುತ್ತಿ ದಾರ ಕಟ್ಟುತ್ತಿದ್ದರು. ಅತ್ತೆ ಅಳಿಯ ಕೂಡ ಒಟ್ಟಿಗೆ ಕೂರುವ ತರಗತಿ. ಯಾರೂ ತಲೆ ತಗ್ಗಿಸುವಂತಾಗಬಾರದೆಂಬ ಮರ್ಯಾದೆ. ಯಾರೂ ಕೇಳಲಿಲ್ಲ, ಅವರೂ ಬಿಚ್ಚಲಿಲ್ಲ.

ನಿವೃತ್ತಿ ಹತ್ತಿರವಾದಂತೆ ಅವರು ಪಾಠದ ನಡುವೆ ಹೊರಗೆ ಹೋಗಿ ಬರತೊಡಗಿದರು. ಮನೆಯಲ್ಲಿ ನಿದ್ದೆಗೆಟ್ಟು ಮತ್ತೆ ಮತ್ತೆ ಏಳುವುದು, ಎದ್ದರೂ ಮೂತ್ರ ತಡೆತಡೆದು ಬರುವುದು. ವಯಸ್ಸಾಯಿತೆಂದು ಮಡದಿಗೆ ಹೇಳಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಸೊಂಟನೋವಿಗೆ ಶಾಲೆಯ ಕುರ್ಚಿಯನ್ನು ದೂರಿದರು. ಮೆಟ್ಟಿಲ ಮೇಲೆ ಕಾಲು ಏಳದೆ ಕುಳಿತುಬಿಟ್ಟ ದಿನ ಆಕೆಯೇ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದರು.

ರಕ್ತ ಪರೀಕ್ಷೆ, ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿಯ ಚೂರಿನ ಪರೀಕ್ಷೆ, ಮೂಳೆಯ ಸ್ಕ್ಯಾನ್ ಎಲ್ಲ ಆದವು. ಪ್ರಾಸ್ಟೇಟ್ ಕ್ಯಾನ್ಸರ್, ಬೆನ್ನುಮೂಳೆಗೆ ಹಬ್ಬಿತ್ತು. ಗ್ರಂಥಿಯೊಳಗೇ ಇದ್ದಾಗ ಸಿಕ್ಕಿದ್ದರೆ ಶಸ್ತ್ರಚಿಕಿತ್ಸೆಯೋ ವಿಕಿರಣವೋ, ಕೆಲವರಿಗೆ ಬರಿಯ ನಿಗಾವೋ ಸಾಕಾಗುತ್ತಿತ್ತು ಎಂದು ವೈದ್ಯೆ ವಿವರಿಸಿದರು. ಈಗ ಉಳಿದದ್ದು ರೋಗಕ್ಕೆ ಮೇವಾಗುವ ಗಂಡು ಹಾರ್ಮೋನನ್ನು ತಡೆಯುವುದು: ಆಗಾಗ ಇಂಜೆಕ್ಷನ್, ಇಲ್ಲವೇ ವೃಷಣಗಳನ್ನು ಒಮ್ಮೆಗೇ ತೆಗೆಯುವ ಆಪರೇಷನ್, ಜೊತೆಗೆ ಮಾತ್ರೆ, ಮೂಳೆಯ ನೋವಿಗೆ ವಿಕಿರಣ.

"ಗುಣ ಆಗತ್ತಾ?" ಎಂದರು ಮೇಷ್ಟ್ರು.

"ಗುಣ ಆಗಲ್ಲ ಸಾರ್. ಸ್ವಲ್ಪ ಕಾಲ ಹಿಡಿದಿಡಬಹುದು."

ಕತೆ ಕಟ್ಟದ ಆ ಉತ್ತರಕ್ಕೆ ಅವರು ತಲೆದೂಗಿದರು. ಹೊರಗಿನ ಬೆಂಚಿನ ಮೇಲೆ ಮಡದಿಯೇ ಮಾತೆತ್ತಿದ್ದು.

"ಊರಿಗೆಲ್ಲ ದೇಹದ ಪಾಠ ಹೇಳಿದ್ರಿ. ನಿಮ್ಮ ದೇಹಕ್ಕೆ ಮಾತ್ರ ರಜಾ ಕೊಟ್ಬಿಟ್ರಿ."

"ಇಂಜೆಕ್ಷನ್ನೇ ಇರಲಿ ಕಣೇ," ಎಂದರಷ್ಟೇ. "ತೆಗೆದದ್ದನ್ನ ಮತ್ತೆ ಇಡೋಕಾಗಲ್ಲ."

ಇಂಜೆಕ್ಷನ್ ಶುರುವಾದ ಮೇಲೆ ಹಬೆ ಹೊಡೆದಂತೆ ಮೈ ಬೆವರುವುದು, ತೋಳಿನ ಬಲ ಸೋರುವುದು, ಕಾರಣವಿಲ್ಲದೆ ಕಣ್ಣು ತುಂಬುವುದು ಒಂದೊಂದಾಗಿ ಬಂದವು. ಆದರೂ ತಮ್ಮ ಕೊನೆಯ ತರಗತಿಗೆ ಅವರು ಬಂದರು. ಬಂದವರೇ ಪಟದ ದಾರ ಬಿಚ್ಚಿದರು. ಮೇಲರ್ಧ ಬೆಳಕಿಗೂ ಕೋಲಿನ ತುದಿಗೂ ಮಾಸಿತ್ತು. ಕೆಳಗಿನದು ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯಿತು. ಮೂತ್ರಕೋಶದ ಬುಡದಲ್ಲಿ ಕೋಲಿಟ್ಟರು.

"ಇದು ನಂಗೆ ಗೊತ್ತಿತ್ತು. ನಿಮಗೆ ಹೇಳ್ಲಿಲ್ಲ, ನಂಗೂ ಹೇಳ್ಕೊಳ್ಳಲಿಲ್ಲ."

ಏನಾದರೂ ಕೇಳಿ ಎಂದು ಕಾದರು. ಯಾರೂ ಕೇಳಲಿಲ್ಲ. ಇತ್ತೀಚೆಗೆ ತಾನೂ ಪಾಠದ ನಡುವೆ ಎದ್ದೆದ್ದು ಹೋಗುವ ಹಿರಿಯ ಗಾರೆಯವನು ನೆಲ ನೋಡುತ್ತ ಕುಳಿತಿದ್ದ. ಮೇಷ್ಟ್ರ ಕಣ್ಣು ಅವನ ಮೇಲೇ ಇತ್ತು. ತೋಳು ಸೋತು ಜಾರುವವರೆಗೂ ಕೋಲು ಪಟದ ಅದೇ ಜಾಗದಲ್ಲಿತ್ತು.

ಇಂಥ ಅಭಿನಂದನಾ ಸಂಪುಟಗಳಲ್ಲಿ ನೂರು ವರ್ಷ ಬಾಳಿ ಎಂದು ಹಾರೈಸುವುದು ರೂಢಿ. ಇಲ್ಲಿ ಹಾಗೆ ಬರೆದರೆ ಮೇಷ್ಟ್ರು ಸೊನ್ನೆ ಹಾಕುತ್ತಾರೆ. ಒಂದು ರಾತ್ರಿಯಾದರೂ ಅವರಿಗೆ ನೋವಿಲ್ಲದ ನಿದ್ದೆ ಬರಲಿ. ಪಟವನ್ನು ಈಗ ಯಾರೂ ಸುತ್ತಿಡುವುದಿಲ್ಲ. ಅದರ ಕೆಳಗಿನ ಬಣ್ಣ ಒಂದಿಷ್ಟು ಮಾಸುವವರೆಗಾದರೂ ಅವರು ನಮ್ಮೊಂದಿಗಿರಲಿ.