ಚೀನೀ ಕುದುರೆಗೊಂದು ಭಲೇ

“ಜನ್ಮಾಪೂರ್ತಿ ಕಾರ್ಖಾನ್ಯಾಗ ತೋಪಿನ ಗುಂಡು ಮಾಡಿದಾಂವ ನಾ. ನನ್ನ ಮೊಮ್ಮಗಳು ಚೀನೀ ಹಾಡು ಹಾಡಬೇಕೇನವ್ವಾ ತಂಗಿ?” ಎಂದು ಆ ಅಜ್ಜ ತುಂಬಿದ ಸಭೆಯಲ್ಲಿ ನನ್ನನ್ನು ಕೇಳಿದರು. ಗದಗದ ಕಡೆಯವರು, ಮದ್ದುಗುಂಡಿನ ಕಾರ್ಖಾನೆಯಿಂದ ನಿವೃತ್ತರಾದವರು. ನಾಗಪುರದ ನಮ್ಮ ಕನ್ನಡ ಕೂಟಕ್ಕೆ ಅವರೇ ಹಿರಿಯರು. ಭಾನುವಾರ ನಾನು ಮಕ್ಕಳಿಗೆ ಹಾಡಿನ ಪಾಠ ಹೇಳುತ್ತಿದ್ದ ಕೋಣೆಯ ಬೀಗದ ಕೈ ಇರುತ್ತಿದ್ದುದೂ ಅವರ ಜೇಬಿನಲ್ಲೇ.

ನನಗೋ ಮೂಗಿನ ತುದಿಯಲ್ಲೇ ಕೋಪ. “ಅಜ್ಜ, ಹಾಡು ಗಡಿ ದಾಟಿ ಬಂದು ಗುಂಡು ಹಾರಿಸಲ್ಲ. ವಾರ್ಷಿಕೋತ್ಸವದಲ್ಲಿ ಒಂದೇ ಒಂದು ಸಲ ನೋಡಿ. ಜನಕ್ಕೆ ಹಿಡಿಸದಿದ್ರೆ ಪಾಠ ನಿಲ್ಲಿಸ್ತೀನಿ, ಕೋಣೆ ನೀವೇ ಇಟ್ಕೊಳ್ಳಿ” ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೈಸೂರಿನವಳಾದ ನಾನು ಈ ಹಾಡು ಕಲಿತದ್ದು ಗಂಡನ ಕೆಲಸದಿಂದಾಗಿ ಚೀನಾದಲ್ಲಿದ್ದಾಗ. ಮನೆಯ ಹಿಂದಿನ ಪಾರ್ಕಿನಲ್ಲಿ ಬೆಳಿಗ್ಗೆ ಮುದುಕ ಮುದುಕಿಯರು ಸೇರಿ, ಎರಡು ತಂತಿಯ ಪಿಟೀಲು ಕುಯ್ಯುತ್ತ ಹಳೆಯ ನಾಟಕಗಳ ಹಾಡು ಹೇಳುತ್ತಿದ್ದರು. ಭಾಷೆ ಬಾರದೆ ಮಂಕಾಗಿ ಕೂತಿದ್ದ ನನ್ನನ್ನು ಒಬ್ಬ ಅಜ್ಜಿ ಕೈಹಿಡಿದು ಎಬ್ಬಿಸಿ ಹಾಡಿಸಿದಳು. ಆ ಊರಲ್ಲಿ ನಾನು ಬಾಯ್ತುಂಬ ನಕ್ಕದ್ದು ಅವತ್ತೇ ಮೊದಲು. ಆಮೇಲೆ ಗಂಡನಿಗೆ ನಾಗಪುರದ ಮಿಹಾನ್ ಕೈಗಾರಿಕಾ ವಲಯದಲ್ಲಿ ಕೆಲಸವಾಗಿ ಇಲ್ಲಿಗೆ ಬಂದಾಗ, ಆ ಹಾಡನ್ನು ಯಾರಿಗೂ ಕಲಿಸದೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಮೊದಲ ಭಾನುವಾರ ನಾನು ಆ ಕೀರಲು ಸ್ವರ ತೆಗೆದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. “ಆಂಟೀ, ಬಿಲ್ಲಿ ಆವಾಜ್ ಐತಿ!” ಎಂದಳು ಅದೇ ಅಜ್ಜನ ಮೊಮ್ಮಗಳು. “ಹಾಗಾದ್ರೆ ಬೆಕ್ಕಾಗೇ ಕೂಗು, ನೋಡೋಣ” ಎಂದೆ. ಗೋಡೆಗೆ ಮುಖ ಮಾಡಿಸಿ ‘ಈ... ಆ...’ ಎಂದು ಕೂಗಿಸಿದೆ. ಅಬ್ಬಬ್ಬಾ, ಆ ಹುಡುಗಿಯ ಗಂಟಲೇ! ಗೋಡೆಗೆ ಬಡಿದು ವಾಪಸು ಬಂದ ತನ್ನ ಸ್ವರಕ್ಕೆ ತಾನೇ ಬೆಚ್ಚಿದಳು.

ಹಾಡುವ ಪಾತ್ರ ಕುದುರೆ ಏರಿ ಬರಬೇಕಾದ್ದರಿಂದ, ಪೊರಕೆಯ ಹಿಡಿಗೆ ಕೆಂಪು ಉಲ್ಲನ್ ಗೊಂಡೆ ಕಟ್ಟಿ ಚಾವಟಿ ಮಾಡಿಕೊಟ್ಟೆ. “ಘೋಡಾ ಎಲ್ಲೈತಿ?” ಎಂದಳು. ಚಾವಟಿ ಕೈಯಲ್ಲಿದ್ದರೆ ಕುದುರೆ ಇದ್ದ ಹಾಗೆಯೇ ಎಂದೆ. ಮರುವಾರ ಅವಳು ಬಾಗಿಲಲ್ಲಿ ತಡೆದು ನಿಂತು, “ಘೋಡಾ ಚಪ್ಪಲ್ ಕಡೆ ಕಟ್ಟಿ ಬಂದೀನಿ” ಎಂದಳು. ಕುಣಿದಾಡುವಷ್ಟು ಸಂತೋಷವಾಯಿತು ನನಗೆ.

ಆ ಚೀನೀ ನಾಟಕಗಳಲ್ಲಿ ಒಂದು ಪದ್ಧತಿಯಿದೆ. ಪಾತ್ರ ರಂಗಕ್ಕೆ ಬಂದು, ಜಾಗಟೆಯ ಪೆಟ್ಟಿಗೆ ಸರಿಯಾಗಿ ಕಣ್ಣರಳಿಸಿ ಥಟ್ಟನೆ ನಿಲ್ಲುತ್ತದೆ. ಆಗ ನೋಡುವವರು ‘ಹಾವೋ!’ ಎಂದು, ಅಂದರೆ ‘ಚೆಂದ!’ ಎಂದು ಕೂಗಬೇಕು. ಕೋಣೆಯಲ್ಲಿ ಕೂಗುತ್ತಿದ್ದವಳು ನಾನೊಬ್ಬಳೇ. “ಕೂಗು ಬರೋವರೆಗೆ ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡಬೇಡ” ಎಂದು ಅವಳಿಗೆ ಹೇಳಿಕೊಟ್ಟಿದ್ದೆ.

ವಾರ್ಷಿಕೋತ್ಸವದ ದಿನ ನಾನು ರಂಗದ ಪಕ್ಕದಲ್ಲಿ ಜಾಗಟೆ ಹಿಡಿದು ಕೂತೆ. ಅವಳು ಚಾವಟಿ ಬೀಸುತ್ತ ಬಂದಳು. ಜಾಗಟೆ ಬಾರಿಸಿದೆ. ನಿಂತಳು ನೋಡಿ, ಒಂದು ರೆಪ್ಪೆ ಮಿಟುಕಲಿಲ್ಲ! ಆದರೆ ಸಭೆ ಗಪ್‌ಚುಪ್. ನಮ್ಮ ಜನ ಸಭ್ಯರು, ಎಲ್ಲ ಮುಗಿದ ಮೇಲೆ ಚಪ್ಪಾಳೆ ತಟ್ಟುವವರು. ಕೂಗಬೇಕೆಂದು ಅವರಿಗೆ ನಾನು ಹೇಳಿಯೇ ಇರಲಿಲ್ಲ. ಥೂ ನನ್ನ ಬುದ್ಧಿಗಿಷ್ಟು! ಜಾಗಟೆಯವರು ತಮ್ಮ ಮೇಳವನ್ನು ತಾವೇ ಹೊಗಳಬಾರದೆಂದು ಪಾರ್ಕಿನ ಅಜ್ಜಿ ಹೇಳಿದ್ದು ನೆನಪಾಗಿ ನನ್ನ ಬಾಯಿ ಕಟ್ಟಿತು.

“ಭೂಲ್ ಗಯೀ, ಮರ್ತಾಳ ಪಾಪ” ಎಂದು ಯಾರೋ ಪಿಸುಗುಟ್ಟಿದರು. ಹುಡುಗಿಯ ಅರಳಿದ ಕಣ್ಣಲ್ಲಿ ನೀರು ತುಂಬತೊಡಗಿತು. ಆದರೂ ಅಲ್ಲಾಡಲಿಲ್ಲ. ಕೋಣೆ ಹೋಯಿತು, ಪಾಠ ಹೋಯಿತು, ಅದಕ್ಕಿಂತ ಈ ಮಗುವಿನ ಮಾನ ಹೋಯಿತು ಎಂದುಕೊಂಡೆ. ಪದ್ಧತಿ ಮನೆ ಹಾಳಾಗಲಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನಿಂದ ಗುಡುಗು ಬಂತು.

“ಭಲೇ! ಭಲೇ ನನ ಮಗಳ!”

ಅಜ್ಜ ಎದ್ದು ನಿಂತಿದ್ದರು. ಸಭೆಯ ಕಡೆ ತಿರುಗಿ ಬೈದೇ ಬೈದರು: “ಪಾತ್ರ ಬಂದು ಹಿಂಗ ನಿಂತಾಗ ಸುಮ್ಮನ ಕುಂತೀರೆಲ್ಲಾ! ನಮ್ಮೂರ ದೊಡ್ಡಾಟದಾಗ ರಾಜ ಬಂದು ನಿಂತ್ರ ಭಲೇ ಅನ್ನದವರು ಯಾರಿದ್ರು? ಅನ್ರಿ, ಜಲ್ದಿ ಅನ್ರಿ!”

ಇಡೀ ಸಭೆ ‘ಭಲೇ!’ ಎಂದು ಕೂಗಿತು. ಹುಡುಗಿ ಚಾವಟಿ ಬೀಸಿ ಕುದುರೆ ಹತ್ತಿದಳು, ಸ್ವರ ಎತ್ತಿದಳು. ಆಮೇಲೆ ಅವಳು ನಿಂತಲ್ಲೆಲ್ಲ ಭಲೇ, ತಿರುಗಿದಲ್ಲೆಲ್ಲ ಭಲೇ. ಜಾಗಟೆ ಬಾರಿಸುತ್ತ ನಾನು ಅತ್ತೆ, ನಕ್ಕೆ.

ಮುಂದಿನ ಭಾನುವಾರ ಹೋದಾಗ ಕೋಣೆಯ ಬಾಗಿಲು ಆಗಲೇ ತೆರೆದಿತ್ತು. ಒಳಗೆ ಅಜ್ಜ ಗೋಡೆಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಹುಬ್ಬೇರಿಸಿದೆ.

“ನೀ ಕಲಿಸವ್ವಾ ತಂಗಿ,” ಎಂದರು. “ಭಲೇ ಅನ್ನಾಕ ಯಾರರೆ ಬೇಕಲ್ಲ.”