ಪೂಜೆಗೆ ಕೂತ ಬ್ಯಾಂಜೋ ಮುತ್ತಜ್ಜಿ

ಮಗಳು ಶಾಲೆಯಿಂದ ಬ್ಯಾಂಜೋ ಹೊತ್ತುಕೊಂಡು ನಾರ್ತ್ ಯಾರ್ಕಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದ ದಿನ ನನಗೆ ಮೈಯೆಲ್ಲ ಉರಿದುಹೋಗಿತ್ತು. ಅವಳ ವೀಣೆ ಪಾಠಕ್ಕೆಂದು ಮೂರು ವರ್ಷ ಥಾರ್ನ್‌ಹಿಲ್ಲಿಗೆ ಕಾರು ಓಡಿಸಿದವಳು ನಾನು. ಕೌಬಾಯ್ ಟೋಪಿ ಹಾಕಿದ ಬಿಳಿಯರ ವಾದ್ಯ ಇದು ಎಂದು ಮೂಗು ಮುರಿದೆ.

ಅದರ ಸದ್ದು ಕೇಳಿ ಬಾಗಿಲು ತಟ್ಟಿದವರು ಎದುರು ಮನೆಯ ಹಿರಿಯರು. ಗ್ಯಾಂಬಿಯಾದವರು, ಬಸ್ ಓಡಿಸಿ ನಿವೃತ್ತರಾದವರು. ಕೈಯಲ್ಲಿ ತಮ್ಮದೇ ಒಂದು ವಾದ್ಯ: ಸೋರೆ ಬುರುಡೆ, ಅದರ ಬಾಯಿಗೆ ಬಿಗಿದ ಮೇಕೆ ಚರ್ಮ, ಉದ್ದನೆಯ ಕೋಲು, ಮೂರು ತಂತಿ, ಅದರಲ್ಲೊಂದು ಗಿಡ್ಡ. "ನಿನ್ನ ಬ್ಯಾಂಜೋಗೆ ಇದು ಮುತ್ತಜ್ಜಿ," ಎಂದರು ಮಗಳಿಗೆ. ಗುಲಾಮರಾಗಿ ಹಡಗಿನಲ್ಲಿ ಹೋದ ಅವರ ಕಡೆಯ ಜನ ಆಚೆ ದಡದಲ್ಲಿ ನೆನಪಿನಿಂದಲೇ ಇಂಥದ್ದನ್ನು ಮತ್ತೆ ಮಾಡಿಕೊಂಡರಂತೆ. ಬಿಳಿಯರು ಕಲಿತದ್ದು ಆಮೇಲೆ. ಹಿರಿಯರು ನುಡಿಸುವಾಗ ಹೆಬ್ಬೆರಳು ಗಿಡ್ಡ ತಂತಿಗೆ ಬೀಳುವ ಲಯವನ್ನೇ ಮಗಳು ಬ್ಯಾಂಜೋದಲ್ಲಿ ಹಿಡಿದಳು. ನನ್ನ ಮೂಗು ನೆಟ್ಟಗಾಯಿತು.

2018ರ ಅಕ್ಟೋಬರಿನಲ್ಲಿ ಕಣ್ಣಿನ ಆಪರೇಷನ್ನಿಗೆಂದು ಮಗನ ಮನೆಗೆ ಹೋಗುವಾಗ ಅವರು ಆ ವಾದ್ಯವನ್ನು ನಮ್ಮಲ್ಲಿ ಬಿಟ್ಟರು. "ನನ್ನ ತಮ್ಮ ಮಾಡಿದ್ದು. ಅವನು ಈಗಿಲ್ಲ. ಇದರ ದನಿಯಷ್ಟೇ ಉಳಿದಿದೆ," ಎಂದಿದ್ದರು.

ಆಯುಧಪೂಜೆ ಬಂತು. ಮನೆಯಲ್ಲಿ ವಾದ್ಯ ಇದ್ದ ಮೇಲೆ ಪೂಜೆಗಿಡದೆ ಇರುವುದುಂಟೇ? ಲ್ಯಾಪ್‌ಟಾಪು, ಕಾರಿನ ಕೀ, ವೀಣೆ, ಬ್ಯಾಂಜೋಗಳ ಪಕ್ಕ ಅದನ್ನೂ ಇಟ್ಟು, ಚರ್ಮಕ್ಕೆ ಧಾರಾಳವಾಗಿ ಅರಿಶಿನ ಕುಂಕುಮ ಹಚ್ಚಿದೆ. ವಿಜಯದಶಮಿಯ ಬೆಳಿಗ್ಗೆ ನೋಡಿದರೆ ಚರ್ಮದ ಮೇಲೆ ಕಲೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಮತ್ತೆ ಮತ್ತೆ ಉಜ್ಜಿದೆ. ಕಲೆ ಹೋಗಲಿಲ್ಲ, ಚರ್ಮ ಸಡಿಲವಾಯಿತು. ಮಗಳು ಮೀಟಿದರೆ ದಪ್ ಎಂದಿತು.

"ಅಮ್ಮಾ, ಯು ಕಿಲ್ಡ್ ಇಟ್," ಎಂದಳು.

"ಗೊತ್ತು ಕಣೇ. ಅಂಕಲ್‌ಗೆ ನಾನೇ ಹೇಳ್ತೀನಿ," ಎಂದೆ. ಸತ್ತ ತಮ್ಮನ ದನಿಯನ್ನೂ ಅವರಿಗೆ ಇಲ್ಲವಾಗಿಸಿದೆನಲ್ಲ ಎಂದು ಅಳು ಬಂತು.

ಅಂದು ಸಂಜೆ ಮರಳಿದವರಿಗೆ ಒಂದೂ ಮುಚ್ಚಿಡದೆ ಹೇಳಿದೆ. ಅವರು ಹೀಟರಿನ ಎದುರು ಕೂತು ಬುರುಡೆಯನ್ನು ತಿರುಗಿಸುತ್ತ ಕಾಯಿಸಿದರು. ನಮ್ಮೂರಲ್ಲಿ ಹುಲ್ಲುಬೆಂಕಿಗೆ ತಮಟೆ ಕಾಯಿಸುತ್ತಿದ್ದದ್ದೂ ಹೀಗೇ. ಅರ್ಧ ಗಂಟೆಯಲ್ಲಿ ಚರ್ಮ ಬಿಗಿಯಾಯಿತು, ದನಿ ಬಂತು. ಪೂರ್ತಿ ಮೊದಲಿನದಲ್ಲ, ಆದರೂ ಅವರು ಕಿವಿಗೊಟ್ಟು ತಲೆಯಾಡಿಸಿದರು.

"ಈ ಕಲೆಗೆ ಏನಾದರೂ ಮಾಡಬಹುದಾ?" ಎಂದು ಕೇಳಿದೆ.

"ಇರಲಿ ಬಿಡು. ದೇವರಿಗೆ ಸಲ್ಲದ್ದು ಎಂದು ನಮ್ಮಪ್ಪ ಇದನ್ನು ಮನೆಯೊಳಗೆ ತರಲು ಬಿಡುತ್ತಿರಲಿಲ್ಲ. ತಮ್ಮ ಹೊರಗೆ ಮರದ ಕೆಳಗೆ ಕೂತು ನುಡಿಸುತ್ತಿದ್ದ. ನೀನು ದೇವರ ಪಕ್ಕದಲ್ಲಿ ಕೂರಿಸಿದೆಯಲ್ಲ, ಮಗಳೇ."

ನಾನು ತಲೆ ತಗ್ಗಿಸಿದೆ. ನಮ್ಮೂರಿನ ತಮಟೆಯಾಗಲಿ ಅದನ್ನು ಬಾರಿಸುವವರಾಗಲಿ ನಮ್ಮ ಮನೆಯ ಹೊಸ್ತಿಲು ದಾಟಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅದನ್ನು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.