ಚಿಗವ್ವ ಹಿಂದಿರುಗಿಸಿದ ಮರಣ ಪ್ರಮಾಣಪತ್ರ

ನಿಮ್ಮ ಮನೆಯಲ್ಲಿ ತೀರಿಕೊಂಡವರ ಮರಣ ಪ್ರಮಾಣಪತ್ರವನ್ನು ನೀವು ಪೂರ್ತಿಯಾಗಿ ಓದಿದ್ದೀರಾ? ಹೆಸರು ಸರಿಯಿದೆಯೇ, ದಿನಾಂಕ ಸರಿಯಿದೆಯೇ ಎಂದು ನೋಡಿರುತ್ತೀರಿ. ಬ್ಯಾಂಕಿನವರು ಕೇಳುವುದು ಅಷ್ಟನ್ನೇ. ಆದರೆ ‘ಮರಣ ಹೊಂದಿದ ಸ್ಥಳ’ ಎಂಬ ಇನ್ನೊಂದು ಸಾಲಿದೆ. ಅದನ್ನು ಓದಿದ್ದೀರಾ?

ಕಳೆದ ವಾರ ಹೊಸಪೇಟೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ನಿಂತಿದ್ದೆ. ನನ್ನ ಮುಂದಿದ್ದವರು ತಮ್ಮ ತಂದೆಯ ಮರಣ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಹಾಕಿಸುತ್ತಿದ್ದರು. ಯಂತ್ರದ ಬಾಯಿಂದ ಕಾಗದ ಹೊರಬರುತ್ತಿದ್ದಂತೆ ಬಿಸಿ ಪ್ಲಾಸ್ಟಿಕ್ಕಿನ ಗಾಢವಾದ ವಾಸನೆ ಹರಡಿತು. ಅವರು ಅದನ್ನು ಅಂಗಿಯ ತುದಿಯಿಂದ ಒರೆಸಿ, ಓದದೆಯೇ ಚೀಲಕ್ಕೆ ಹಾಕಿಕೊಂಡು ಹೊರಟರು. ಅವರನ್ನು ಕೂಗಿ ನಿಲ್ಲಿಸಬೇಕೆನ್ನಿಸಿತು. ನಿಲ್ಲಿಸಲಿಲ್ಲ... ಆ ವಾಸನೆಯೊಂದಿಗೆ ನನಗೆ ಎದುರುಮನೆಯ ಚಿಗವ್ವ ನೆನಪಾಗಿದ್ದಳು.

ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ, ನಮ್ಮ ಬಾಗಿಲಿಗೆ ಎದುರಾಗಿ ಆಕೆಯ ಬಾಗಿಲು. ರಕ್ತಸಂಬಂಧವೇನೂ ಇರಲಿಲ್ಲ, ಮಾತು ಬಂದಾಗಿನಿಂದ ನಾನು ಆಕೆಯನ್ನು ಚಿಗವ್ವ ಎಂದೂ ಆಕೆಯ ಗಂಡನನ್ನು ಚಿಗಪ್ಪ ಎಂದೂ ಕರೆದವನು. ಆಕೆ ಸಂಜೆಯ ಹೊತ್ತು ಕಟ್ಟೆಯ ಮೇಲೆ ಒಲೆ ಹೂಡಿ ಮಿರ್ಚಿ ಕರಿದು ಮಾರುತ್ತಿದ್ದಳು. ಚಿಗಪ್ಪ ಸಂಡೂರು ತಾಲ್ಲೂಕಿನಲ್ಲಿ, ವಡ್ಡು ಕಡೆಯ ಅದಿರಿನ ಯಾರ್ಡೊಂದರಲ್ಲಿ ಗುತ್ತಿಗೆ ಕೂಲಿ. ಅಲ್ಲಿಯೇ ತಗಡಿನ ಶೆಡ್ಡಿನಲ್ಲಿ ಮಲಗಿ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಅವನು ಸ್ನಾನ ಮಾಡಿದ ನೀರು ಓಣಿಯ ಗಟಾರದಲ್ಲಿ ಕೆಂಪಗೆ ಹರಿಯುತ್ತಿತ್ತು. “ಸಂಡೂರ ಗುಡ್ಡಾನ ಒಗದು ಬಿಟ್ಟೆ ನೋಡು” ಎಂದು ಚಿಗವ್ವ ನಗುತ್ತಿದ್ದಳು.

ಒಂದು ಬೇಸಿಗೆಯ ಮಧ್ಯಾಹ್ನ ಯಾರ್ಡಿನ ಜೀಪು ಚಿಗಪ್ಪನ ಶವ ಹೊತ್ತು ಪಾಪಿನಾಯಕನಹಳ್ಳಿಯ ಮೇಲಿನಿಂದ ಬಂದು ಆಕೆಯ ಮನೆಯ ಮುಂದೆ ನಿಂತಿತು. ಜೊತೆಯಲ್ಲಿ ಬಂದಿದ್ದವನು ಕೂಲಿಗಳನ್ನು ಒದಗಿಸುವ ಮೇಸ್ತ್ರಿ. ನಮ್ಮ ಕಡೆಯವನೇ, ಎಲ್ಲರ ಮನೆಯ ಒಳ್ಳೆಯದು ಕೆಟ್ಟದ್ದಕ್ಕೂ ಬರುವವನು. ಬಿಸಿಲು ಬಡಿದು ಎದೆ ಹಿಡಿಯಿತು ಎಂದ. ಮರುದಿನವೇ ಮಣ್ಣಾಯಿತು. ಪೊಲೀಸರಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ದುಃಖದ ಮನೆಯಲ್ಲಿ ಎಲ್ಲಕ್ಕೂ ಮುಂದೆ ನಿಂತು ಮಾಡಿದವನು ಮೇಸ್ತ್ರಿಯೇ. ವಿಧವಾ ವೇತನಕ್ಕೆ ಬೇಕೆಂದು ಹೇಳಿ ಚಿಗವ್ವನಿಂದ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡವನೂ ಅವನೇ.

ಕೆಲವು ದಿನಗಳ ನಂತರ ಅವನು ಮರಣ ಪ್ರಮಾಣಪತ್ರವನ್ನು ತಾನೇ ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ ತಂದುಕೊಟ್ಟ. ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಆರಿರಲಿಲ್ಲ. ಆ ಕಾಗದಕ್ಕಾಗಿ ಜನ ತಿಂಗಳುಗಟ್ಟಲೆ ಅಲೆಯುತ್ತಾರೆ. ಇವಳ ಬಾಗಿಲಿಗೇ ಬಂತಲ್ಲ ಎಂದು ಓಣಿಯೆಲ್ಲ ಮೇಸ್ತ್ರಿಯನ್ನು ಹೊಗಳಿತು. ಚಿಗವ್ವ ಅದನ್ನು ಹಾಗೆಯೇ ಪೆಟ್ಟಿಗೆಯಲ್ಲಿಟ್ಟಳು. ವರ್ಷ ಉರುಳಿದ ಮೇಲೆ ವೇತನದ ಅರ್ಜಿ ತುಂಬಿಸಲು ನನ್ನ ಕೈಗೆ ಕೊಟ್ಟಳು. ನಾನು ಆಗಷ್ಟೇ ಕಾಲೇಜು ಮುಗಿಸಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಪ್ರತಿ ಪದವನ್ನೂ ಹಿಡಿದು ನಿಲ್ಲಿಸಿದ ಅಭ್ಯಾಸದಿಂದ ಗಟ್ಟಿಯಾಗಿ ಓದಿದೆ. ಮರಣ ಹೊಂದಿದ ಸ್ಥಳ: ಸ್ವಂತ ಮನೆ, ಚಿತ್ತವಾಡ್ಗಿ.

“ಇನ್ನೊಮ್ಮೆ ಓದು” ಎಂದಳು. ಓದಿದೆ.

“ಮನ್ಯಾಗ ಎಲ್ಲಿ ಸತ್ತ? ದುಡಿಯಾಕ ಹೋದಲ್ಲಿ ಸತ್ತ. ಇದು ನಮ್ಮವರದಲ್ಲ ಬಿಡು, ಕೊಟ್ಟು ಬರೋಣ.”

ಆ ಒಂದು ಸಾಲಿನ ಅರ್ಥವೇನೆಂದು ನಾನು ಆಕೆಗೆ ವಿವರಿಸಿದೆ. ಮನೆಯಲ್ಲಿ ಸತ್ತವನ ಸಾವಿಗೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಯಾರ್ಡಿನಲ್ಲಿ ಸತ್ತನೆಂದರೆ ನೆರಳಿತ್ತೇ, ನೀರಿತ್ತೇ, ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ ಎಂಬ ಪ್ರಶ್ನೆಗಳು ಏಳುತ್ತವೆ. ಕಾನೂನು ಪರಿಹಾರದ ಮಾತೆತ್ತುತ್ತದೆ. ಚಿಗವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಆದರೆ ಆಕೆಯ ತಕರಾರು ಅದಕ್ಕೂ ಮೊದಲಿನದು. ಜೀಪಿನಲ್ಲಿ ಬಂದ ಗಂಡನನ್ನು ಮನೆಯಲ್ಲಿ ಸತ್ತವನೆಂದು ಬರೆಯಲು ಇವರಾರು?

ಹೀಗೆ, ಎಲ್ಲರೂ ಮರಣ ಪ್ರಮಾಣಪತ್ರ ಪಡೆಯಲು ಅಲೆಯುವ ಕಚೇರಿಗೆ ನಾವು ಅದನ್ನು ಹಿಂದಿರುಗಿಸಲು ಹೋದೆವು. ಅಲ್ಲಿನ ಗುಮಾಸ್ತರು ಕೆಟ್ಟವರಲ್ಲ. ಕಂಪ್ಯೂಟರಿನಲ್ಲಿ ನೋಡಿ, ಸಾವು ಮನೆಯಲ್ಲೇ ಆಯಿತೆಂದು ಬರೆದ ವರದಿಯ ಮೇಲಿನ ಹೆಬ್ಬೆಟ್ಟು ಆಕೆಯದೇ ಎಂದು ತೋರಿಸಿದರು. ಸಾವು ಸಂಭವಿಸಿದ ಜಾಗದ ಕಚೇರಿಯಲ್ಲೇ ನೋಂದಣಿಯಾಗಬೇಕು, ಅಲ್ಲಿ ಹೋಗಿ ಕೇಳಿ ಎಂದರು. ಸಂಡೂರಿನ ಕಡೆ ಹೋದರೆ, ಈಗಾಗಲೇ ಒಂದು ಕಡೆ ಸತ್ತವನನ್ನು ಇನ್ನೊಂದು ಕಡೆ ಹೇಗೆ ಸಾಯಿಸುವುದು, ಮೊದಲು ಅಲ್ಲಿ ರದ್ದು ಮಾಡಿಸಿ ಎಂದರು. ಇಲ್ಲಿಗೆ ಮರಳಿದರೆ, ಅಲ್ಲಿ ದಾಖಲಾಗದೆ ಇಲ್ಲಿ ಹೇಗೆ ಅಳಿಸುವುದು ಎಂಬ ಮಾತು. ಕೆಂಪು ಧೂಳಿನ ಲಾರಿಗಳ ಹಿಂದೆ ಬಸ್ಸಿನಲ್ಲಿ ಕುಳಿತು ನಾವು ಎಷ್ಟು ಸಲ ಹೋಗಿ ಬಂದೆವೋ... ನೆನಪಿಲ್ಲ. ಒಂದು ದಿನ ಗುಮಾಸ್ತರಿಗೂ ಬೇಸರವಾಗಿ, “ಮಂದಿ ಸರ್ಟಿಫಿಕೇಟ್ ಸಿಗವಲ್ದು ಅಂತ ಅಳ್ತಾರ. ನೀವೊಬ್ರ ನೋಡವ್ವ, ಸಿಕ್ಕದ್ದ ಬ್ಯಾಡ ಅಂತ ಅಳ್ತೀರಿ” ಎಂದರು.

“ಅಳವಲ್ಲೆರೀ ಸಾಹೇಬ್ರ” ಎಂದಳು ಚಿಗವ್ವ. “ಯಾರದೋ ಸಾವು ನನಗ್ಯಾಕ? ನನ್ನ ಗಂಡನ ಸಾವು ನನಗ ಕೊಡ್ರಿ.”

ಗುಮಾಸ್ತರು ಕುರ್ಚಿ ಎಳೆದು ಆಕೆಯನ್ನು ಕೂರಿಸಿದರು. ಆಮೇಲೆ, ಉಪವಿಭಾಗದ ದಂಡಾಧಿಕಾರಿಗಳಿಗೆ ಅರ್ಜಿ ಹಾಕಿದರೆ ಎರಡೂ ಕಡೆಗೆ ಆದೇಶ ಕೊಡುವ ಅಧಿಕಾರ ಅವರಿಗಿದೆ ಎಂದು ದಾರಿ ತೋರಿಸಿದವರೂ ಅವರೇ.

ಅರ್ಜಿಯನ್ನು ನಾನು ಬರೆದೆ. ಸಾಕ್ಷಿ ಬೇಕಿತ್ತು. ಚಿಗಪ್ಪ ಕುಸಿದಾಗ ಅವನ ಬಾಯಿಗೆ ನೀರು ಬಿಟ್ಟವನು ಕಂಪ್ಲಿಯ ಇನ್ನೊಬ್ಬ ಕೂಲಿ. ಅವನನ್ನು ಹುಡುಕಿಕೊಂಡು ಹೋದೆವು. ಕೆಲಸ ಹೋಗುತ್ತದೆಂದು ಕೈಮುಗಿದು ಬಾಗಿಲು ಹಾಕಿಕೊಂಡ. ಮೇಸ್ತ್ರಿಯಾದರೋ ಎಲ್ಲಕ್ಕೂ ಉತ್ತರ ಸಿದ್ಧಮಾಡಿಕೊಂಡಿದ್ದ. ಜೀಪಿನಲ್ಲಿ ಉಸಿರಿತ್ತು, ಆಸ್ಪತ್ರೆ ಬೇಡ ಮನೆಗೆ ಒಯ್ಯಿರಿ ಎಂದು ಚಿಗಪ್ಪನೇ ಅಂದ, ಮನೆ ಮುಟ್ಟಿದ ಮೇಲೆ ಪ್ರಾಣ ಹೋಯಿತು. ನಾನು ಕಲಿತ ಯಾವ ವಾದಕ್ಕೂ ಆ ಕಥೆ ಬಗ್ಗಲಿಲ್ಲ. ಸತ್ತವನು ಏನೆಂದನೆಂದು ಸತ್ತವನನ್ನು ಕೇಳುವಂತಿರಲಿಲ್ಲ.

ಆಗ ನಾನು ಚಿಗವ್ವನಿಗೆ ಆ ಮಧ್ಯಾಹ್ನವನ್ನು ಮೊದಲಿನಿಂದ, ಏನನ್ನೂ ಬಿಡದೆ ಹೇಳಲು ಕೇಳಿಕೊಂಡೆ. ಒಲೆಗೆ ಕಟ್ಟಿಗೆ ಒಡೆಯುತ್ತಿದ್ದುದು, ಜೀಪಿನ ಸದ್ದು, ಹಿಂದಿನ ಬಾಗಿಲು ತೆರೆದದ್ದು, ಪಕ್ಕದ ಮನೆಯ ಮುದುಕಿ ಬೀದಿಯಲ್ಲಿ ಚಾಪೆ ಹಾಸಿದ್ದು... ಅಲ್ಲಿಗೆ ಬಂದು ನಿಲ್ಲಿಸಿದಳು. ನಾನೂ ಬರೆಯುವುದನ್ನು ನಿಲ್ಲಿಸಿದೆ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು.

ನಮ್ಮ ಓಣಿಯಲ್ಲಿ ಒಂದು ರೂಢಿಯಿದೆ. ಮನೆಯಲ್ಲಿ ಸತ್ತವರನ್ನು ಒಳಗೆ, ಗೋಡೆಗೆ ಒರಗಿಸಿ ಕುಳ್ಳಿರಿಸುತ್ತಾರೆ. ಹೊರಗೆ ಸತ್ತವರ ಶವವನ್ನು ಹೊಸ್ತಿಲು ದಾಟಿಸುವುದಿಲ್ಲ. ಬೀದಿಯಲ್ಲೇ ಚಪ್ಪರ ಹಾಕಿ ಇಡುತ್ತಾರೆ. ಇದರ ವಿರುದ್ಧ ನಾನು ಕಾಲೇಜಿನ ವೇದಿಕೆಯ ಮೇಲೆ ಮಾತನಾಡಿ ಬಹುಮಾನ ಪಡೆದಿದ್ದೆ. ದುಡಿದು ಸತ್ತವನಿಗೆ ತಾನೇ ಕಟ್ಟಿದ ಮನೆಯ ನೆರಳಿಲ್ಲವೆನ್ನುವ ಪದ್ಧತಿಯನ್ನು ಈಗಲೂ ಒಪ್ಪುವುದಿಲ್ಲ.

ಕಂದಾಯ ನಿರೀಕ್ಷಕರು ಮಹಜರಿಗೆ ಓಣಿಗೇ ಬಂದರು. ಕಟ್ಟೆಯ ಮೇಲೆ ಕುರ್ಚಿ ಹಾಕಲಾಯಿತು. ಮೇಸ್ತ್ರಿ ಇಸ್ತ್ರಿ ಅಂಗಿ ತೊಟ್ಟು ಬಂದು, ತನ್ನ ಹೇಳಿಕೆಯನ್ನು ಸರಾಗವಾಗಿ ಬರೆಸಿದ. ನಾನು ಬಾಯಿ ತೆರೆದಾಗ ನಿರೀಕ್ಷಕರು ಕೈ ಎತ್ತಿ, ಅರ್ಜಿದಾರರು ಮಾತ್ರ ಮಾತನಾಡಬೇಕು ಎಂದರು. ನ್ಯಾಯವಾಗಿಯೇ ಅಂದರು.

ಚಿಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಸ್ತ್ರಿಯ ಮುಂದೆ ನಿಂತಳು.

“ಮೇಸ್ತ್ರಿ, ಇಲ್ಲಿ ಬಂದಾಗ ಉಸಿರಿತ್ತು ಅಂತಿ. ಹೌದಿಲ್ಲೋ?”

“ಹೂಂ ಯಕ್ಕಾ, ಇತ್ತು.”

“ಉಸಿರಿದ್ದ ಮನಷ್ಯಾನ ಒಳಗ ಯಾಕ ಒಯ್ಯಲಿಲ್ಲ? ಬಿಸಲಾಗ, ಬೀದ್ಯಾಗ ಯಾಕ ಇಳಿಸಿದಿ?”

ಮೇಸ್ತ್ರಿ ಉತ್ತರಿಸುವ ಮೊದಲೇ ಪಕ್ಕದ ಮನೆಯ ಮುದುಕಿ ತನ್ನ ಬಾಗಿಲಿನಿಂದಲೇ ಹೇಳಿದಳು: “ನಾವು ಒಳಗ ಒಯ್ಯಾಕ ಹೋದ್ವಿರೀ ಸಾಹೇಬ್ರ. ಇವನ ತಡದ. ‘ಹೊರಗ ಹೋದ ಜೀವ, ಹೊಸ್ತಿಲ ದಾಟಿಸಬ್ಯಾಡ್ರಿ’ ಅಂದ. ಚಾಪಿ ಹಾಸಿದಾಕಿ ನಾನ.”

ಓಣಿಯ ಒಬ್ಬೊಬ್ಬರೂ ಹೌದೆಂದರು. ಅಲ್ಲಿಯವರೆಗೆ ಮೇಸ್ತ್ರಿಯ ಮುಲಾಜಿಗೆ ಬಾಯಿ ಕಟ್ಟಿಕೊಂಡಿದ್ದವರು ಅವರೇ. ಎಲ್ಲ ಸುಳ್ಳನ್ನೂ ಜೋಡಿಸಿಕೊಂಡಿದ್ದ ಮನುಷ್ಯ ಆ ಮಧ್ಯಾಹ್ನ ರೂಢಿಯನ್ನು ಮಾತ್ರ ಮೀರಲಾರದೆ ಹೋಗಿದ್ದ. ಇನ್ನೊಬ್ಬರ ಮನೆಗೆ ಮೈಲಿಗೆಯಾಗಬಾರದೆಂಬ ಅವನ ಕಾಳಜಿ ನಿಜವಾದದ್ದೇ ಇದ್ದೀತು.

“ಅದು... ನಮ್ಮ ಪದ್ಧತಿ ಅಲ್ಲೇನ್ರಿ” ಎಂದ ಮೇಸ್ತ್ರಿ, ಯಾರ ಮುಖವನ್ನೂ ನೋಡದೆ.

“ಹಂಗಾದ್ರ ಅದನ್ನೂ ಬರೀತೀನಿ” ಎಂದರು ನಿರೀಕ್ಷಕರು. ಬರೆದರು. ಬರೆದುದನ್ನು ಗಟ್ಟಿಯಾಗಿ ಓದಿಸಿಕೊಂಡ ಮೇಲೆಯೇ ಚಿಗವ್ವ ಹೆಬ್ಬೆಟ್ಟು ಒತ್ತಿದ್ದು.

ಆದೇಶ ಬರಲು ಮತ್ತೆ ಬಹಳ ಕಾಲ ಹಿಡಿಯಿತು. ಆದರೂ ಬಂತು. ಹಳೆಯ ದಾಖಲೆ ರದ್ದಾಯಿತು. ಹೊಸ ಪ್ರಮಾಣಪತ್ರದಲ್ಲಿ ಮರಣ ಹೊಂದಿದ ಸ್ಥಳವಾಗಿ ಆ ಯಾರ್ಡಿನ ವಿಳಾಸ ಅಚ್ಚಾಗಿತ್ತು. ಚಿಗವ್ವ ಅದಕ್ಕೆ ಪ್ಲಾಸ್ಟಿಕ್ ಹಾಕಿಸಲು ಬಿಡಲಿಲ್ಲ. ಆ ಸಂಜೆ ಎಂದಿನಂತೆ ಒಲೆ ಹೊತ್ತಿಸಿದಳು. ಕೇಳಿದವರಿಗೆಲ್ಲ, “ನಮ್ಮವ್ರು ದುಡಿಯಾಕ ಹೋದಲ್ಲಿ ಸತ್ರು ಅಂತ ಸರಕಾರ ಒಪ್ಪೇತಿ” ಎಂದು ಹೇಳುತ್ತಿದ್ದಳು.

ಪರಿಹಾರದ ಪ್ರಕರಣ ಆ ಕಾಗದದ ಮೇಲೆಯೇ ಶುರುವಾಯಿತು. ಯಾರ್ಡಿನವರು ಮುಂದೂಡಿಸುತ್ತ ಹೋದರು. ಚಿಗವ್ವ ಪ್ರತಿ ವಿಚಾರಣೆಗೂ ಹೋದಳು. ತೀರ್ಪನ್ನು ಕೇಳಲು ಆಕೆ ಉಳಿಯಲಿಲ್ಲ... ಕಳೆದ ಮಳೆಗಾಲದಲ್ಲಿ ಜ್ವರ ಬಂದು ಹೋದಳು. ಎದುರಿನ ಬಾಗಿಲಿಗೆ ಈಗ ಬೀಗವಿದೆ. ಕಂಪ್ಲಿಗೆ ಮದುವೆ ಮಾಡಿಕೊಟ್ಟ ಆಕೆಯ ಮಗಳು ಪ್ರಕರಣವನ್ನು ಕೈಬಿಟ್ಟಿಲ್ಲ. ಮುಂದಿನ ವಿಚಾರಣೆಗೆ ನಾನೂ ಅವಳೊಂದಿಗೆ ಹೋಗುತ್ತೇನೆ. ಚಿಗವ್ವನಿಲ್ಲದ ಬೆಂಚಿನ ಮೇಲೆ ಕೂರುವುದು ಕಷ್ಟ. ಆದರೂ ಕೂರುತ್ತೇವೆ.

ಈ ಸೀಮೆಯಲ್ಲಿ ಇನ್ನೆಷ್ಟು ಜನ ಕಾಗದದ ಮೇಲೆ ‘ಸ್ವಂತ ಮನೆ’ಯಲ್ಲಿ ಸತ್ತಿದ್ದಾರೋ ನನಗೆ ತಿಳಿಯದು. ತಿಳಿದವರು ನೀವು, ಅವರ ಓಣಿಯವರು. ಆದುದರಿಂದ ನನ್ನ ಕೋರಿಕೆ ಇಷ್ಟೇ. ನೆರೆಮನೆಯವರು ದುಃಖದಲ್ಲಿರುವಾಗ ಯಾರಾದರೂ ಕಾಗದ ತಂದರೆ, ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಗಟ್ಟಿಯಾಗಿ ಓದಿ. ಮಹಜರಿಗೆ ಅಧಿಕಾರಿ ಬಂದರೆ ಬಾಗಿಲು ಹಾಕಿಕೊಳ್ಳದೆ ಹೊರಗೆ ಬನ್ನಿ. ಕಣ್ಣಾರೆ ಕಂಡದ್ದನ್ನು ಹೇಳಿ, ಹೇಳಿದ್ದನ್ನು ಬರೆಸಿ.